ನಮ್ಮ ಕಪ್‌ಗಳೆಲ್ಲ ಪರವೂರಲ್ಲೇ ಯಾಕೆ?

ಒಂದು ಲೆಕ್ಕ ಹಾಕಿದೀನಿ. ತಪ್ಪಿದ್ರೆ ತಿದ್ದಿ. ಬೈಯೋದಿದ್ರೆ ಪೂರ್ತಿ ಓದಿ ಆಮೇಲೆ ಬೈರಿ.

ಆರ್‌ಸಿಬಿ ಐಪಿಎಲ್‌ನ 18ನೇ ಸೀಸನ್‌ನಲ್ಲಿ, 2025ರಲ್ಲಿ, ಕೊನೆಗೂ ಕಪ್ ಎತ್ತಿದ್ದು ಅಹಮದಾಬಾದಲ್ಲಿ. ಅದಕ್ಕೂ ಮುಂಚೆ 2024ರಲ್ಲಿ ಸ್ಮೃತಿ ಮಂಧಾನ ಮತ್ತು ಹುಡುಗೀರು ಡಬ್ಲ್ಯುಪಿಎಲ್ (ಹೆಂಗಸರ ಐಪಿಎಲ್) ಗೆದ್ದಿದ್ದು ದಿಲ್ಲೀಲಿ. ಬೆಂಗಳೂರು ಬುಲ್ಸ್ ಇದುವರೆಗೆ ಗೆದ್ದಿರೋ ಒಂದೇ ಒಂದು ಪ್ರೊ ಕಬಡ್ಡಿ ಕಪ್ಪು, 2019ರ ಜನವರಿ 5, ಮುಂಬೈ. ಅದಾಗಿ ಎರಡು ತಿಂಗಳು ಚಿಲ್ಲರೆಗೆ ನಮ್ಮ ಫುಟ್ಬಾಲ್ ತಂಡ ಬಿಎಫ್‌ಸಿ (ಬೆಂಗಳೂರು ಎಫ್‌ಸಿ) ಐಎಸ್‌ಎಲ್, ಅಂದ್ರೆ ಇಂಡಿಯನ್ ಸೂಪರ್ ಲೀಗ್, ಗೆದ್ದಿದ್ದೂ ಅದೇ ಮುಂಬೈನಲ್ಲಿ. ಹುಟ್ಟಿದ ಮೊದಲನೇ ಸೀಸನ್‌ಗೇ ಬಿಎಫ್‌ಸಿ ಇನ್ನೊಂದು ಫುಟ್ಬಾಲ್ ಲೀಗಾದ ಐ-ಲೀಗ್ ಗೆದ್ದಿತ್ತಲ್ಲ, 2014ರಲ್ಲಿ? ಅದು ಗೋವಾ. ಸೂಪರ್ ಕಪ್ ಭುವನೇಶ್ವರ, ಡ್ಯುರಾಂಡ್ ಕಪ್ ಕೋಲ್ಕತ್ತಾ.

ಒಂದು ಅಪವಾದ ಇದೆ, ಒಪ್ಕೋತೀನಿ. 2016ರ ಏಪ್ರಿಲ್‌ನಲ್ಲಿ ಸಾಲ್ಗಾಂವ್ಕರ್ ಮೇಲೆ ಗೆದ್ದು ಎರಡನೇ ಐ-ಲೀಗ್ ಖಾತ್ರಿ ಮಾಡ್ಕೊಂಡಿದ್ದು ನಮ್ಮ ಕಂಠೀರವ ಸ್ಟೇಡಿಯಂನಲ್ಲೇ. ಆದ್ರೆ ಅದು ಲೀಗು, ಪಾಯಿಂಟ್ಸ್ ಲೆಕ್ಕ. ಫೈನಲ್ ಅಂತ ಒಂದು ರಾತ್ರಿ ಇರುತ್ತಲ್ಲ, ಇಡೀ ಊರು ಉಸಿರು ಹಿಡ್ಕೊಂಡು ಕೂತಿರೋದು, ಅದು ನಮ್ಮೂರಿಗೆ ಬಂದಾಗೆಲ್ಲ ಏನಾಯ್ತು ಅಂತ ಹೇಳ್ತೀನಿ ಕೇಳಿ.

2016ರ ಮೇ 29, ಚಿನ್ನಸ್ವಾಮಿ, ಐಪಿಎಲ್ ಫೈನಲ್. ಆ ಸೀಸನ್‌ನಲ್ಲಿ ಕೊಹ್ಲಿ 973 ರನ್. ಎದುರಾಳಿ ಹೈದರಾಬಾದ್. ಟಿಕೆಟ್‌ಗೆ ನಾನು ಕೊಟ್ಟ ದುಡ್ಡು ಎಷ್ಟು ಅಂತ ನನ್ನ ಹೆಂಡ್ತಿಗೆ ಇವತ್ತಿಗೂ ಗೊತ್ತಿಲ್ಲ, ಈ ಪೋಸ್ಟ್ ಓದಿ ಕೇಳಿದ್ರೂ ಹೇಳಲ್ಲ. ನಮ್ಮ ಬೌಲರ್ ವಾಟ್ಸನ್‌ನ ಕೊನೇ ಓವರ್‌ನಲ್ಲಿ 24 ರನ್ ಹೋಯ್ತು, ಅವರದು 208. ಪರವಾಗಿಲ್ಲ ಅಂದ್ಕೊಂಡ್ವಿ. ಗೇಲ್, ಕೊಹ್ಲಿ ಇಬ್ಬರೇ ಸೇರಿ ಮೊದಲ ವಿಕೆಟ್‌ಗೆ 114 ಬಾರಿಸಿದ್ರು. ಪಕ್ಕದಲ್ಲಿ ತುಮಕೂರಿಂದ ಬಂದಿದ್ದ ಯಜಮಾನ್ರು ಒಬ್ಬರು ಆಗಲೇ ಮನೆಗೆ ಫೋನ್ ಮಾಡಿ "ಆಯ್ತು, ಗೆದ್ವಿ, ಪಟಾಕಿ ತಗೊಂಡು ಬಾ ಅಂತ ಹೇಳು ಅವ್ನಿಗೆ" ಅಂದ್ರು. ನನಗೆ ಅವತ್ತಿಂದ ಒಂದು ಭಯ ಹುಟ್ಕೊಂಡಿದೆ: ಮ್ಯಾಚ್ ಮುಗಿಯೋ ಮುಂಚೆ ಯಾರಾದ್ರೂ ಪಟಾಕಿ ಮಾತಾಡಿದ್ರೆ ಎದ್ದು ಹೋಗ್ತೀನಿ. 8 ರನ್‌ನಿಂದ ಸೋತ್ವಿ. ಬಸ್ಸಿಗೂ ಕಾಯದೆ ಸುಮ್ಮನೆ ಕಾರ್ಪೊರೇಷನ್ ಸರ್ಕಲ್‌ವರೆಗೆ ನಡ್ಕೊಂಡು ಬಂದೆ. ಹಿಂದೆ ಮುಂದೆ ಸಾವಿರಾರು ಜನ, ಒಬ್ಬರ ಬಾಯಲ್ಲೂ ಮಾತಿಲ್ಲ.

2018ರ ಮಾರ್ಚ್ 17, ಕಂಠೀರವ. ಐಎಸ್‌ಎಲ್‌ಗೆ ಬಂದ ಮೊದಲ ವರ್ಷ, ಲೀಗ್‌ನಲ್ಲಿ ನಾವೇ ಮೇಲೆ, ಫೈನಲ್ ನಮ್ಮ ಅಂಗಳದಲ್ಲಿ. 9ನೇ ನಿಮಿಷಕ್ಕೇ ನಮ್ಮ ಸುನಿಲ್ ಛೆಟ್ರಿ ಗೋಲು. ಆಮೇಲೆ ಚೆನ್ನೈಯಿನ್‌ನ ಮೈಲ್ಸನ್ ಆಲ್ವೆಸ್ ಎದ್ದು ನಿಂತು ತಲೇಲಿ ಹೊಡೆದ. ಕಾರ್ನರ್‌ನಿಂದ. ಸರಿ, ಆಗುತ್ತೆ. ಅರ್ಧ ಸಮಯಕ್ಕೆ ಮುಂಚೆ ಇನ್ನೊಂದು ಕಾರ್ನರ್, ಅದೇ ಮನುಷ್ಯ, ಅದೇ ತಲೆ! ಏನ್ರಪ್ಪಾ, ಒಂದು ಸಲ ಹೊಡೆಸ್ಕೊಂಡ ಮೇಲಾದ್ರೂ ಒಬ್ಬ ಅವನ ಬೆನ್ನಿಗೆ ಅಂಟ್ಕೋಬೇಡ್ವಾ? 3-2ರಲ್ಲಿ ಸೋತ್ವಿ. ಈಗ್ಲೂ ಕಾರ್ನರ್ ಕಿಕ್ ಅಂದ್ರೆ ನನ್ನ ಹೊಟ್ಟೇಲಿ ಏನೋ ಆಗುತ್ತೆ.

ಅದೃಷ್ಟ ಅನ್ಬೇಡಿ. 2025ರ ಐಪಿಎಲ್ ನೋಡಿ. ಲೀಗ್ ಹಂತದಲ್ಲಿ ಹೊರಗೆ ಆಡಿದ 7ಕ್ಕೆ 7 ಮ್ಯಾಚ್ ಗೆದ್ದ ಮೊದಲ ತಂಡ ನಮ್ದು. ಮನೇಲಿ? ಮೊದಲ ಮೂರೂ ಸೋಲು. ಗುಜರಾತ್, ಡೆಲ್ಲಿ, ಪಂಜಾಬ್, ಸಾಲಾಗಿ ಬಂದು ಹೊಡೆದು ಹೋದ್ರು. ಅದೇ ವರ್ಷ ಹೆಂಗಸರ ತಂಡ ಚಿನ್ನಸ್ವಾಮಿಯಲ್ಲಿ ಆಡಿದ 4 ಮ್ಯಾಚೂ ಸೋತಿತ್ತು, ಒಂದಂತೂ ಸೂಪರ್ ಓವರ್‌ನಲ್ಲಿ. ಪಿಚ್ ನಾವು ಕೇಳಿದ ಹಾಗೆ ಸಿಗ್ತಿಲ್ಲ ಅಂತ ಮೆಂಟರ್ ದಿನೇಶ್ ಕಾರ್ತಿಕ್ ಬಹಿರಂಗವಾಗೇ ಬೇಸರ ಮಾಡ್ಕೊಂಡ್ರು. ಬಾಡಿಗೆ ಮನೆಯವನು ನಲ್ಲಿ ಸರಿಯಿಲ್ಲ ಅಂತ ಓನರ್ ಹತ್ರ ಹೇಳ್ಕೊಂಡ ಹಾಗೆ. ಅಲ್ಲೇ ಇದೆ ನೋಡಿ ವಿಷಯ. ಈ ತಂಡಗಳು ನಮ್ಮೂರಲ್ಲಿ ಬಾಡಿಗೆಗೆ ಇವೆ. ಹೆಸರು ಮಾತ್ರ ಬೆಂಗಳೂರು.

ಆ ಡೆಲ್ಲಿ ಮ್ಯಾಚ್ ನೆನಪಿದೆಯಲ್ಲ? ಕೆ.ಎಲ್. ರಾಹುಲ್ 93 ನಾಟೌಟ್, ಸಿಕ್ಸ್ ಹೊಡೆದು ಮುಗಿಸಿ, ಬ್ಯಾಟಿಂದ ನೆಲದ ಮೇಲೆ ವೃತ್ತ ಎಳೆದು ಇದು ನನ್ನ ಜಾಗ ಅಂತ ತೋರಿಸಿದ್ದು. ಹೌದು ಮಾರಾಯ, ನಿನ್ನ ಜಾಗವೇ. ಅಲ್ಲೇ ರಣಜಿ ಆಡ್ಕೊಂಡು ಬೆಳೆದವನು. ನಾನು ಸೋತ ಸಿಟ್ಟಲ್ಲೂ ಚಪ್ಪಾಳೆ ಹೊಡೆದೆ, ಹಿಂದಿನ ಸೀಟಿನ ಹುಡುಗ ನನ್ನನ್ನ ದ್ರೋಹಿ ಅನ್ನೋ ಥರ ನೋಡಿದ. ಅದೇ ಸೀಸನ್‌ನಲ್ಲಿ ಎಲ್ಲರಿಗಿಂತ ಹೆಚ್ಚು, 25 ವಿಕೆಟ್ ತೆಗೆದು ಪರ್ಪಲ್ ಕ್ಯಾಪ್ ಹಾಕ್ಕೊಂಡ ಪ್ರಸಿದ್ಧ್ ಕೃಷ್ಣ ನಮ್ಮ ಹುಡುಗ, ಆಡಿದ್ದು ಗುಜರಾತ್‌ಗೆ. ಹರಾಜಿನಲ್ಲಿ ಎಲ್ಲರೂ ಸಿಗಲ್ಲ, ಗೊತ್ತು. ಆದ್ರೂ.

ಕಬಡ್ಡಿ ಕಥೆ ಇನ್ನೂ ಮಜಾ ಇದೆ, ಯಾಕಂದ್ರೆ ಅದರ ಬಗ್ಗೆ ಯಾರೂ ಮಾತೇ ಆಡಲ್ಲ. ಕ್ರಿಕೆಟ್‌ಗಿಂತ ಮುಂಚೆ ನಾನು ಆಡಿದ್ದು ಕಬಡ್ಡಿ. ಮೊಣಕಾಲಿನ ಗುರುತು ಇನ್ನೂ ಇದೆ. 2017ರಲ್ಲಿ ಬುಲ್ಸ್‌ನ ತವರಿನ ಪಂದ್ಯಗಳು ನಡೆದಿದ್ದು ಎಲ್ಲಿ ಹೇಳಿ? ನಾಗ್ಪುರದಲ್ಲಿ! ಬೆಂಗಳೂರು ಬುಲ್ಸ್, ತವರು ನಾಗ್ಪುರ. ಆಮೇಲೆ 2021-22ರಲ್ಲಿ ಇಡೀ ಟೂರ್ನಿಯೇ ಬೆಂಗಳೂರಿಗೆ ಬಂತು, ಅದೂ ವೈಟ್‌ಫೀಲ್ಡ್‌ನ ಹೋಟೆಲ್ ಒಳಗೆ, ಕೊರೊನಾ ಅಂತ ಪ್ರೇಕ್ಷಕರೇ ಇಲ್ಲ. ಹತ್ತು ಕಿಲೋಮೀಟರ್ ದೂರದಲ್ಲಿ ನಡೀತಿರೋ ಮ್ಯಾಚನ್ನ ಟೀವೀಲಿ ನೋಡಿದೆ. 2023ರ ಡಿಸೆಂಬರ್‌ನಲ್ಲಿ ಕಂಠೀರವ ಒಳಾಂಗಣಕ್ಕೆ ಬಂದಾಗ ಕುಣಿದಾಡಿದ್ವಿ. ಅದಾದ ಮೇಲೆ 2024ರಲ್ಲಿ ಹೈದರಾಬಾದ್, ನೊಯ್ಡಾ, ಪುಣೆ. 2025ರಲ್ಲಿ ವೈಜಾಗ್, ಜೈಪುರ, ಚೆನ್ನೈ, ದಿಲ್ಲಿ. ಬೆಂಗಳೂರಿನ ಸುಳಿವೇ ಇಲ್ಲ.

2024ರಲ್ಲಿ ರೈಡರ್ ಪ್ರದೀಪ್ ನರ್ವಾಲ್ ಬುಲ್ಸ್‌ಗೆ ವಾಪಸ್ ಬಂದ ಅಂತ ಎದೆಯುಬ್ಬಿಸಿಕೊಂಡು ಕೂತ್ರೆ 22 ಮ್ಯಾಚಲ್ಲಿ ಗೆದ್ದಿದ್ದು ಎರಡೇ ಎರಡು. ಕೊನೇ ಸ್ಥಾನ. ಪವನ್ ಸೆಹ್ರಾವತ್ 2019ರ ಫೈನಲ್‌ನಲ್ಲಿ ಒಬ್ಬನೇ 22 ಪಾಯಿಂಟ್ ತಂದಿದ್ದ ತಂಡ ಇದು! ನಮ್ಮವರೇ ಆದ ಬಿ.ಸಿ. ರಮೇಶ್ ಕೋಚ್ ಆಗಿ ಬಂಗಾಳಕ್ಕೆ ಒಂದು ಕಪ್ಪು, ಪುಣೆಗೆ ಒಂದು ಕಪ್ಪು ಗೆಲ್ಸಿಕೊಟ್ಟ ಮೇಲೆ ಇವರಿಗೆ ಜ್ಞಾನೋದಯ ಆಗಿ 2025ಕ್ಕೆ ಕರ್ಕೊಂಡು ಬಂದ್ರು. ಪ್ಲೇಆಫ್‌ವರೆಗೂ ಹೋದ್ವಿ. ಅಷ್ಟು ವರ್ಷ ಏನು ಮಾಡ್ತಿದ್ರಿ ಸ್ವಾಮಿ?

ಇನ್ನು 2025ರ ಜೂನ್ 4, ಆರ್‌ಸಿಬಿ ಕಪ್ ಗೆದ್ದ ಮಾರನೇ ದಿನ. ಬರೀಲೋ ಬೇಡ್ವೋ ಅಂತ ಎರಡು ದಿನ ಯೋಚಿಸಿದೆ.

ಹಿಂದಿನ ರಾತ್ರಿ ನಮ್ಮ ರಸ್ತೆಯಲ್ಲಿ ಯಾರೂ ಮಲಗಲಿಲ್ಲ. ಎದುರು ಮನೆ ಅಜ್ಜಿಗೂ ಕ್ರುನಾಲ್ ಪಾಂಡ್ಯ ಯಾರು ಅಂತ ಗೊತ್ತಾಗಿಬಿಟ್ಟಿತ್ತು. ಮಾರನೇ ದಿನ ಆಫೀಸಿಗೆ ಚಕ್ಕರ್ ಹಾಕಿ ಚಿನ್ನಸ್ವಾಮಿಯ ವಿಜಯೋತ್ಸವಕ್ಕೆ ಹೊರಟೆ. ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಹತ್ತೋಕೇ ಆಗಲಿಲ್ಲ, ಮೂರು ರೈಲು ಬಿಟ್ಟೆ, ಸಾಕು ಅನಿಸಿ ವಾಪಸ್ ಬಂದೆ. ಮನೆ ಬಾಗಿಲಲ್ಲಿ ಚಪ್ಪಲಿ ಬಿಡ್ತಿರುವಾಗ ಫೋನಿಗೆ ಸುದ್ದಿ ಬರೋಕೆ ಶುರುವಾಯ್ತು. ಕಾಲ್ತುಳಿತಕ್ಕೆ ಸತ್ತೋರು 11 ಜನ. ಸ್ಟೇಡಿಯಂ ಗೇಟಿನ ಹತ್ರ. ಒಳಗೆ ಸಂಭ್ರಮ ನಡೀತಾ ಇತ್ತು. ಯಾರ ತಪ್ಪು ಅಂತ ಫ್ರಾಂಚೈಸಿ, ಕ್ರಿಕೆಟ್ ಸಂಸ್ಥೆ, ಸರ್ಕಾರ, ಪೊಲೀಸು ಒಬ್ಬರ ಕಡೆ ಇನ್ನೊಬ್ಬರು ಬೆರಳು ತೋರಿಸಿದ್ದನ್ನೆಲ್ಲ ನೋಡಿದ್ದೀರಿ. ನಾನು ಅದಕ್ಕೆ ಏನೂ ಸೇರಿಸಲ್ಲ. ಹದಿನೆಂಟು ವರ್ಷ ಕಾದ ಜನಕ್ಕೆ ಕಪ್ಪನ್ನ ತೋರಿಸೋಕೆ ಎರಡು ದಿನ ಕಾದಿದ್ರೆ ಏನಾಗ್ತಿತ್ತು ಅನ್ನೋದು ಮಾತ್ರ ತಲೆಯಿಂದ ಹೋಗಲ್ಲ. ನಾವೇನು ಓಡಿ ಹೋಗ್ತಿದ್ವಾ?

ಆಮೇಲೆ ಒಂದೊಂದಾಗಿ ಪಂದ್ಯಗಳೆಲ್ಲ ಚಿನ್ನಸ್ವಾಮಿ ಬಿಟ್ಟು ಹೊರಟ್ವು. ನಮ್ಮ ರಾಜ್ಯದ ಟಿ20 ಟೂರ್ನಿ ಮಹಾರಾಜ ಟ್ರೋಫಿ ಮೈಸೂರಿಗೆ ಹೋಯ್ತು. ಅದು ನಮ್ಮದೇ ಊರು, ಬಿಡಿ, ಮೈಸೂರಿನವರು ಖುಷಿಯಾಗಿರಲಿ. ಮಹಿಳಾ ವಿಶ್ವಕಪ್‌ನ ಉದ್ಘಾಟನಾ ಪಂದ್ಯ, ಸೆಮಿಫೈನಲ್ ನಮ್ಮಲ್ಲಿ ಅಂತ ಪಟ್ಟಿಯಲ್ಲಿತ್ತು. ಅದನ್ನೆಲ್ಲ ಕಿತ್ತು ಬೇರೆ ಕಡೆ ಕೊಟ್ರು. ನವೆಂಬರ್ 2ಕ್ಕೆ ಹರ್ಮನ್‌ಪ್ರೀತ್ ಕಪ್ ಎತ್ತಿದ್ದು ನವಿ ಮುಂಬೈನಲ್ಲಿ. ನಾನು ಕುಣಿದೆ, ಕಣ್ಣಲ್ಲಿ ನೀರೂ ಬಂತು. ಅದರಲ್ಲಿ ಸ್ವಲ್ಪ ಹೊಟ್ಟೆಕಿಚ್ಚಿನದೂ ಇತ್ತು.

ಫುಟ್ಬಾಲ್ ಕೇಳಲೇಬೇಡಿ. 2025ರ ಏಪ್ರಿಲ್‌ನಲ್ಲಿ ಮೋಹನ್ ಬಗಾನ್ ವಿರುದ್ಧ ಐಎಸ್‌ಎಲ್ ಫೈನಲ್ ಸೋತ್ವಿ, ಕೋಲ್ಕತ್ತಾದಲ್ಲಿ, ಹೆಚ್ಚುವರಿ ಸಮಯದಲ್ಲಿ. ಛೆಟ್ರಿಗೆ ನಲವತ್ತು ವಯಸ್ಸು, ಸೀಸನ್‌ನಲ್ಲಿ 14 ಗೋಲು. ಆಗಸ್ಟ್‌ನಲ್ಲಿ ಲೀಗ್ ನಡೆಯೋದೇ ಖಾತ್ರಿಯಿಲ್ಲ ಅಂತ ಕ್ಲಬ್ ಆಟಗಾರರ, ಸಿಬ್ಬಂದಿಯ ಸಂಬಳ ನಿಲ್ಲಿಸ್ತು. 2025ರ ಡಿಸೆಂಬರ್ ಬಂದ್ರೂ ಐಎಸ್‌ಎಲ್ ಶುರುವಾಗಿರಲಿಲ್ಲ. ಮಧ್ಯೆ ಆಡಿದ ಸೂಪರ್ ಕಪ್ಪು ಎಲ್ಲಿ ಅಂತೀರಾ, ಗೋವಾ.

ನಮ್ಮಪ್ಪ ಚಿಕ್ಕಂದಿನಲ್ಲಿ ನನ್ನನ್ನ ಅಶೋಕನಗರದ ಸ್ಟೇಡಿಯಂಗೆ ಕರ್ಕೊಂಡು ಹೋಗೋರು, ಐಟಿಐ, ಎಚ್‌ಎಎಲ್ ಕಾರ್ಖಾನೆ ತಂಡಗಳ ಫುಟ್ಬಾಲ್ ಮ್ಯಾಚ್‌ಗೆ. ಆಡೋರು ಡ್ಯೂಟಿ ಮುಗಿಸಿ ಬಂದೋರು. ಅಪ್ಪಂಗೆ ಅವರಲ್ಲಿ ಇಬ್ಬರ ಪರಿಚಯ ಇತ್ತು, ಮ್ಯಾಚ್ ಮುಗಿದ ಮೇಲೆ ಗೇಟ್ ಹತ್ರ ನಿಂತು ಬೈಯೋರು, ಅವರೂ ನಗ್ತಾ ಬೈಸ್ಕೊಳ್ಳೋರು. ಈಗ ನನಗೆ ಬೈಬೇಕು ಅನಿಸಿದ್ರೆ ಎಲ್ಲಿಗೆ ಹೋಗಿ ನಿಲ್ಲಲಿ? ಅದಕ್ಕೇ ಇಲ್ಲಿ ಬರೀತಿದೀನಿ.

ಕಾಮೆಂಟ್‌ನಲ್ಲಿ ಚೆನ್ನೈ ಅಭಿಮಾನಿಗಳು ಬಂದು "ನಮ್ದು ಐದು ಐಪಿಎಲ್ ಕಪ್" ಅನ್ನೋದು ಬೇಡ. ಗೊತ್ತು. ಎಣಿಸೋಕೆ ಬರುತ್ತೆ.