ಸ್ಪಷ್ಟನೆ: ಎವರೆಸ್ಟ್ ತುದಿಯಲ್ಲೂ ಆಮ್ಲಜನಕ ಶೇ 21

ಬೆಂಗಳೂರಿನ ಚಾರಣಿಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿರುವ ಸಂದೇಶ ಇದು: ‘ಎವರೆಸ್ಟ್ ತುದಿಯ ಗಾಳಿಯಲ್ಲಿ ಆಮ್ಲಜನಕ ಶೇ 7 ಮಾತ್ರ, ಸಿಲಿಂಡರ್ ಇಲ್ಲದೆ ಯಾರೂ ಹತ್ತಿಲ್ಲ.’ ಎರಡೂ ತಪ್ಪು.

8,848.86 ಮೀಟರ್ ಎತ್ತರದಲ್ಲೂ ಆಮ್ಲಜನಕದ ಪಾಲು ಇಲ್ಲಿನಷ್ಟೇ, ಸುಮಾರು ಶೇ 21. ಕುಸಿಯುವುದು ಗಾಳಿಯ ಒತ್ತಡ. ಬೆಂಗಳೂರಿನಲ್ಲಿ ಅದು ಸುಮಾರು 680 ಮಿ.ಮೀ. ಪಾದರಸ; 1981ರಲ್ಲಿ ಎವರೆಸ್ಟ್ ತುದಿಯಲ್ಲೇ ಅಳೆದಾಗ ಸಿಕ್ಕಿದ್ದು 253, ಅಂದರೆ ಸಮುದ್ರಮಟ್ಟದ ಮೂರನೇ ಒಂದು ಭಾಗ. ಒಂದೊಂದು ಉಸಿರಿಗೆ ದೊರೆಯುವ ಆಮ್ಲಜನಕವೂ ಅಷ್ಟಕ್ಕೇ ಇಳಿಯುತ್ತದೆ. 21ರ ಮೂರನೇ ಒಂದು ಭಾಗ 7; ‘ಶೇ 7’ ಹುಟ್ಟಿದ್ದು ಈ ಲೆಕ್ಕದಿಂದ. ಪರ್ವತಾರೋಹಿಗಳಾದ ಮೆಸ್ನರ್ ಮತ್ತು ಹಾಬೆಲರ್ 1978ರ ಮೇ 8ರಂದು ಸಿಲಿಂಡರ್ ಇಲ್ಲದೆಯೇ ತುದಿ ತಲುಪಿದರು.

ಬೇಸ್ ಕ್ಯಾಂಪ್‌ಗೆ ಹೊರಟವರು ಗಮನಿಸಬೇಕಾದ್ದು ಬೇರೆಯೇ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬೇಡಿ. ತಲೆನೋವಿನ ಜೊತೆ ನಡಿಗೆ ತೂರಾಡತೊಡಗಿದರೆ ಬೆಳಗಾಗಲೆಂದು ಕಾಯದೆ ಕೆಳಗಿಳಿಯಿರಿ. ಆ ಸಂದೇಶವನ್ನು ದಯವಿಟ್ಟು ಮುಂದೆ ಕಳಿಸಬೇಡಿ.