ರಿಯಾಯಿತಿಗೆ ವಯಸ್ಸೊಂದೇ ಸಾಲದು

ಯುರೋಪಿನಲ್ಲಿ ಹಿರಿಯ ಪ್ರವಾಸಿಗರು ರಿಯಾಯಿತಿ ದರದ ರೈಲು ಟಿಕೆಟ್ ಕಾಯ್ದಿರಿಸುವುದು ಇಷ್ಟೊಂದು ತಲೆನೋವಿನ ಕೆಲಸ ಏಕಾಗಬೇಕು ಎಂಬುದು ನನಗೆ ಇನ್ನೂ ಅರ್ಥವಾಗಿಲ್ಲ. ಬ್ರಿಟನ್ನಿನಲ್ಲಿ 60 ತುಂಬಿದವರು ಹಣ ಕೊಟ್ಟು ಸೀನಿಯರ್ ರೈಲ್‌ಕಾರ್ಡ್ ಕೊಂಡರೆ ಹೆಚ್ಚಿನ ಟಿಕೆಟ್‌ಗಳ ದರದಲ್ಲಿ ಮೂರನೇ ಒಂದು ಭಾಗ ಕಡಿಮೆಯಾಗುತ್ತದೆ. ಫ್ರಾನ್ಸಿನ ಮತ್ತು ಸ್ಪೇನಿನ ಕಾರ್ಡುಗಳಿಗೂ 60 ವರ್ಷವೇ ಸಾಕು, ಆದರೆ ಗಡಿ ದಾಟಿ ಜರ್ಮನಿಗೆ ಕಾಲಿಟ್ಟರೆ ಹಿರಿಯರ ಬಾನ್‌ಕಾರ್ಡ್‌ಗೆ 65 ತುಂಬಿರಬೇಕು. ಬ್ರಿಟನ್ನಿನ ಕಾರ್ಡಾಗಲಿ ಫ್ರಾನ್ಸಿನ ಕಾರ್ಡಾಗಲಿ ಕನಿಷ್ಠ ಒಂದು ವರ್ಷದ ಅವಧಿಯದು. ಎರಡು ವಾರಕ್ಕೆ ಬಂದುಹೋಗುವವರಿಗೆ ಅದರಿಂದ ಆಗುವ ಉಳಿತಾಯವೆಷ್ಟು?

ಕಳೆದ ಪ್ರವಾಸಕ್ಕೆ ಮುನ್ನ ನಾನೂ ನನ್ನ ಪತ್ನಿಯೂ ಟಿಕೆಟ್ ಮಾಡಲು ಕುಳಿತಾಗ, ಜಾಲತಾಣವು ಮೊದಲಿಗೇ ನಮ್ಮ ವಯಸ್ಸು ಕೇಳಿತು. 67 ಮತ್ತು 63 ಎಂದು ತುಂಬಿದೆವು. ದರ ಒಂದು ಬಿಡಿಕಾಸೂ ಇಳಿಯಲಿಲ್ಲ. ಕಾರ್ಡನ್ನು ಆಯ್ಕೆ ಮಾಡುವ ಜಾಗ ಪುಟದ ಕೆಳಗೆ, ಕನ್ನಡಕ ಹಾಕಿಕೊಂಡರೂ ಕಾಣದಷ್ಟು ಸಣ್ಣ ತಿಳಿಬೂದು ಅಕ್ಷರಗಳಲ್ಲಿತ್ತು. ಅದನ್ನು ಹುಡುಕಿ, ಪಾಸ್‌ಪೋರ್ಟಿನಲ್ಲಿರುವಂತೆಯೇ ಹೆಸರುಗಳನ್ನು ಒಂದೊಂದೇ ಅಕ್ಷರವಾಗಿ ಒತ್ತಿ ಮುಗಿಸುವಷ್ಟರಲ್ಲಿ ಸಮಯ ಮೀರಿತೆಂಬ ಸೂಚನೆ ಬಂದು ಎಲ್ಲವೂ ಅಳಿಸಿಹೋಯಿತು. ಮತ್ತೆ ಮೊದಲಿನಿಂದ ತುಂಬಿದಾಗ ಅದೇ ರೈಲಿನ ಅಗ್ಗದ ಸೀಟುಗಳು ಮುಗಿದಿದ್ದವು.

ಹಿರಿಯರಿಗೆಂದೇ ಮಾಡಿದ ಸೌಲಭ್ಯದಲ್ಲಿ ಹಿರಿಯರ ಕಣ್ಣು, ಕೈಬೆರಳು, ನಿಧಾನಗತಿ ಯಾವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ನನಗೆ ನಿಜಕ್ಕೂ ನೋವು ತಂದಿದೆ. ಹುಟ್ಟಿದ ದಿನಾಂಕ ಪಾಸ್‌ಪೋರ್ಟಿನಲ್ಲೇ ಅಚ್ಚಾಗಿರುವಾಗ, ಅದನ್ನು ತೋರಿಸಿದವರಿಗೆ ನೇರವಾಗಿ ದರ ಇಳಿಸಲು ಇವರಿಗಿರುವ ಅಡ್ಡಿಯಾದರೂ ಏನು?