ಹೊರಗೆ ಓಡಾಡುವಾಗ ಗ್ಲೌಸ್ ಹಾಕಿಕೊಂಡರೆ ವೈರಸ್ ತಗಲದೇ?

ಪರ: ಒಂದು ಕೆಲಸಕ್ಕೆ ಒಂದು ಜೋಡಿ

ಬೆಳಿಗ್ಗೆ ಮನೆ ಬಿಡುವಾಗ ತೊಟ್ಟು ಸಂಜೆ ಮನೆ ಸೇರಿದ ಮೇಲೆ ಕಳಚುವ ಗ್ಲೌಸಿನ ಪರವಾಗಿ ಮಾತಾಡುವುದು ಕಷ್ಟ. ಆ ಸಾಹಸಕ್ಕೆ ಇಲ್ಲಿ ಕೈಹಾಕಿಲ್ಲ. ವಾದ ಅದಕ್ಕಿಂತ ಚಿಕ್ಕದು. ಮುಟ್ಟಬಾರದ್ದನ್ನು ಮುಟ್ಟಲೇಬೇಕಾದ ಒಂದು ಕೆಲಸ, ಅದಕ್ಕೊಂದು ಜೋಡಿ, ಕೆಲಸ ಮುಗಿದ ಕೂಡಲೇ ಆ ಜೋಡಿ ಕಸದ ಬುಟ್ಟಿಗೆ. ಇಷ್ಟರ ಮಟ್ಟಿಗೆ ಗ್ಲೌಸ್ ಉಪಯೋಗಕ್ಕೆ ಬರುತ್ತದೆ.

ವೈರಸ್ ಗಾಳಿಯಲ್ಲಷ್ಟೇ ಇರುವುದಿಲ್ಲ. 2020ರಲ್ಲಿ ಕೊರೊನಾ ವೈರಸ್ಸನ್ನು ಬೇರೆ ಬೇರೆ ವಸ್ತುಗಳ ಮೇಲೆ ಹಾಕಿ ಪ್ರಯೋಗಾಲಯದಲ್ಲಿ ನೋಡಿದಾಗ, ಪ್ಲಾಸ್ಟಿಕ್ಕಿನ ಮೇಲೆ 72 ಗಂಟೆಯ ತನಕ ಜೀವಂತ ವೈರಸ್ ಸಿಕ್ಕಿತು. ಕಂಬಿ, ಚಿಲಕ, ಲಿಫ್ಟಿನ ಗುಂಡಿ ಇವೆಲ್ಲ ನೂರಾರು ಕೈ ಬಿದ್ದ ಜಾಗಗಳು.

ಕೊರೊನಾಕ್ಕಿಂತ ಗಟ್ಟಿ ಉದಾಹರಣೆ ನೊರೊವೈರಸ್‌ನದು. ವಾಂತಿಭೇದಿ ತರುವ ಈ ವೈರಸ್ಸಿನ ನೂರಕ್ಕಿಂತ ಕಡಿಮೆ ಕಣ ಹೊಟ್ಟೆ ಸೇರಿದರೂ ಸಾಕು, ಮನುಷ್ಯ ಮಲಗುತ್ತಾನೆ. ನೆಲ, ಮೇಜುಗಳ ಮೇಲೆ ಇದು ದಿನಗಟ್ಟಲೆ ಉಳಿಯುತ್ತದೆ. ಕೊರೊನಾಕ್ಕೆ ಇರುವಂಥ ಕೊಬ್ಬಿನ ಹೊದಿಕೆ ಇದಕ್ಕಿಲ್ಲ. ಆದ್ದರಿಂದ ಆ ಹೊದಿಕೆಯನ್ನು ಕರಗಿಸಿ ಕೊಲ್ಲುವ ಆಲ್ಕೋಹಾಲ್ ಸ್ಯಾನಿಟೈಸರ್ ಇದರ ಮೇಲೆ ಅಷ್ಟಾಗಿ ನಡೆಯುವುದಿಲ್ಲ. ಸಾರ್ವಜನಿಕ ಜಾಗದಲ್ಲಿ ಯಾರೋ ವಾಂತಿ ಮಾಡಿದ್ದಾರೆ, ಒರೆಸುವ ಪಾಳಿ ನಿಮ್ಮದು ಎಂದಿಟ್ಟುಕೊಳ್ಳಿ. ಮೊದಲು ಪೇಪರ್ ಟವೆಲ್ ಹಾಕಿ ಹೀರಿಸಬೇಕು, ಉಜ್ಜಿದರೆ ಹರಡುತ್ತದೆ. ಆಮೇಲೆ 5% ಬ್ಲೀಚ್ ಒಂದು ಪಾಲಿಗೆ ಒಂಬತ್ತು ಪಾಲು ನೀರು ಬೆರೆಸಿದ ದ್ರಾವಣ (ಸುಮಾರು 5,000 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 5,000 ಪಾಲು ಕ್ಲೋರಿನ್) ಸುರಿದು ಐದು ನಿಮಿಷವಾದರೂ ಹಾಗೇ ಬಿಟ್ಟು ತೊಳೆಯಬೇಕು. ಇಲ್ಲಿ ಗ್ಲೌಸ್ ಎರಡು ಕಡೆ ಕಾಯುತ್ತದೆ, ಹೊಲಸಿನಿಂದಲೂ ಬ್ಲೀಚಿನಿಂದಲೂ.

ಇನ್ನು ಕೈ ಒಡೆದವರು. ಎಕ್ಸಿಮಾದಿಂದ (ಚರ್ಮ ಒಣಗಿ ಕೆರೆಯುವ ತೊಂದರೆ) ಬೆರಳ ಸಂದು ಬಿರಿದವರಿಗೆ ಸ್ಯಾನಿಟೈಸರ್ ಬಿದ್ದರೆ ಉರಿ ತಲೆಗೇರುತ್ತದೆ, ಆದ್ದರಿಂದ ಅವರು ಅದರ ಗೊಡವೆಗೇ ಹೋಗುವುದಿಲ್ಲ. ಮಂಕಿಪಾಕ್ಸಿನಂಥ ವೈರಸ್‌ಗಳು ಒಡೆದ ಚರ್ಮದ ಮೂಲಕವೂ ಒಳಹೋಗಬಲ್ಲವು. ಇಂಥವರಿಗೆ ತೆಳು ಹತ್ತಿಯ ಒಳಗವಸು, ಅದರ ಮೇಲೆ ನೈಟ್ರೈಲ್ (ಕೃತಕ ರಬ್ಬರಿನ) ಗ್ಲೌಸ್, ಅರ್ಧ ಗಂಟೆಯ ಕೆಲಸಕ್ಕೆ ತಕ್ಕ ಏರ್ಪಾಡು.

ಕೊಳ್ಳುವುದಾದರೆ ವಿನೈಲ್ (ಪ್ಲಾಸ್ಟಿಕ್) ಬಿಟ್ಟು ನೈಟ್ರೈಲ್ ಕೊಳ್ಳಿ. ವಿನೈಲ್ ಕೈಗೆ ಕೂರುವುದಿಲ್ಲ, ಬೇಗ ಸೀಳುತ್ತದೆ. ಲ್ಯಾಟೆಕ್ಸ್ (ನೈಸರ್ಗಿಕ ರಬ್ಬರ್) ಕೆಲವರಿಗೆ ಅಲರ್ಜಿ. ಉಗುರು ಕತ್ತರಿಸಿ, ಉಂಗುರ ತೆಗೆದು, ಕೈ ಪೂರ್ತಿ ಒಣಗಿದ ಮೇಲೆ ಹಾಕಿಕೊಳ್ಳಿ.

ಕೈ ತೊಳೆದರೆ ಸಾಕು ಎನ್ನುವ ಪಂಡಿತರಿದ್ದಾರೆ. ಅವರ ಲೋಕದಲ್ಲಿ ಹತ್ತು ಹೆಜ್ಜೆಗೊಂದು ನಲ್ಲಿ, ನಲ್ಲಿಯ ಪಕ್ಕ ಸೋಪು, ಸೋಪಿನ ಪಕ್ಕ ಒಣ ಟವೆಲ್ಲು ಕಾದು ಕುಳಿತಿರುತ್ತವೆ. ಉಳಿದವರ ಲೋಕದಲ್ಲಿ ನೀರು ಸಿಗುವ ತನಕ ಕೈಗೂ ಹೊಲಸಿಗೂ ನಡುವೆ ಏನಾದರೂ ಒಂದು ಬೇಕಾಗುತ್ತದೆ.

ವಿರೋಧ: ಬಾಗಿಲು ಇರುವುದು ಮುಖದಲ್ಲಿ

ನೆಗಡಿ, ಫ್ಲೂ, ಕೋವಿಡ್ ತರುವ ಯಾವ ವೈರಸ್ಸೂ ಅಂಗೈಯ ಚರ್ಮ ತೂರಿ ಒಳಗೆ ಹೋಗುವುದಿಲ್ಲ. ಅವು ಹೋಗುವುದು ಕಣ್ಣು, ಮೂಗು, ಬಾಯಿಯಿಂದ. ಕೈ ಬರೀ ಸಾಗಣೆಯ ಗಾಡಿ. ಗಾಡಿಗೆ ಹೊದಿಕೆ ಹಾಕಿದರೆ ಸರಕು ಹೊದಿಕೆಯ ಮೇಲೆ ಕೂತು ಬರುತ್ತದೆ, ಅಷ್ಟೇ.

ಗ್ಲೌಸ್ ತೊಟ್ಟ ಒಂದು ಕೈಯನ್ನು ಐದು ನಿಮಿಷ ಹಿಂಬಾಲಿಸಿ ನೋಡಿ. ಮೆಟ್ಟಿಲ ಕಂಬಿ ಹಿಡಿಯಿತು. ಫೋನು ಗುಂಯ್ ಎಂದಿತು, ಜೇಬಿನೊಳಗೆ ಇಳಿದು ಅದನ್ನು ಹೊರತೆಗೆಯಿತು. ಬೆರಳಚ್ಚು ಹಿಡಿಯದ ಫೋನಿಗೆ ಹೆಬ್ಬೆರಳಿಂದ ಪಿನ್ ಒತ್ತಿತು. ಫೋನು ಕೆನ್ನೆಗೆ ಹೋಯಿತು. ಜಾರಿದ ಕನ್ನಡಕವನ್ನು ಮೇಲೆ ತಳ್ಳಿತು. ಈಗ ಕಂಬಿಯ ಮೇಲಿದ್ದದ್ದು ಜೇಬಿನಲ್ಲಿದೆ, ಫೋನಿನ ಮೇಲಿದೆ, ಕಣ್ಣಿನಿಂದ ಒಂದು ಬೆರಳಿನ ದೂರದಲ್ಲಿದೆ. ಮನೆಗೆ ಹೋಗಿ ಗ್ಲೌಸ್ ಬಿಸಾಡಬಹುದು, ಫೋನು ಬಿಸಾಡುವವರಿಲ್ಲ. ಬರಿಗೈ ಆಗಿದ್ದರೆ ಜಿಡ್ಡು, ಅಂಟು ಗೊತ್ತಾಗಿ ತೊಳೆಯೋಣ ಅನಿಸುತ್ತಿತ್ತು. ಗ್ಲೌಸಿನೊಳಗಿನ ಕೈಗೆ ಅದೂ ತಿಳಿಯುವುದಿಲ್ಲ.

ಮುಖ ಮುಟ್ಟಿಕೊಳ್ಳುವ ಅಭ್ಯಾಸ ಸಣ್ಣದಲ್ಲ. 2015ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ ವೈದ್ಯಕೀಯ ವಿದ್ಯಾರ್ಥಿಗಳು ಗಂಟೆಗೆ ಸರಾಸರಿ 23 ಬಾರಿ ಮುಖ ಮುಟ್ಟಿಕೊಂಡಿದ್ದರು; ಅದರಲ್ಲಿ 44% ಸಲ ಬೆರಳು ಹೋದದ್ದು ಕಣ್ಣು, ಮೂಗು, ಬಾಯಿಗೇ. ಸೋಂಕಿನ ಪಾಠ ಓದುವವರ ಕಥೆಯೇ ಹೀಗೆ.

72 ಗಂಟೆಯ ಅಂಕಿಯನ್ನು ಎಲ್ಲರೂ ಬಾಯಿಪಾಠ ಮಾಡಿಕೊಂಡಿದ್ದಾರೆ. ಅದೇ ಪ್ರಯೋಗದ ಇನ್ನೊಂದು ಅಂಕಿಯನ್ನು ಯಾರೂ ಹೇಳುವುದಿಲ್ಲ: ಪ್ಲಾಸ್ಟಿಕ್ಕಿನ ಮೇಲಿನ ವೈರಸ್ ಸುಮಾರು 7 ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತಿತ್ತು. 72 ಗಂಟೆಯ ಹೊತ್ತಿಗೆ ಸಾವಿರದಲ್ಲಿ ಒಂದು ಪಾಲೂ ಉಳಿದಿರಲಿಲ್ಲ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರ ಏಪ್ರಿಲಿನಲ್ಲಿ ಹೇಳಿದ್ದು ಇದು: ವೈರಸ್ ಅಂಟಿದ ಮೇಲ್ಮೈಯನ್ನು ಒಮ್ಮೆ ಮುಟ್ಟಿದರೆ ಕೋವಿಡ್ ತಗಲುವ ಸಾಧ್ಯತೆ ಸಾಮಾನ್ಯವಾಗಿ 10,000ಕ್ಕೆ ಒಂದಕ್ಕಿಂತ ಕಡಿಮೆ. ಅಷ್ಟು ಸಣ್ಣ ಅಪಾಯಕ್ಕೆ ಕೈಗೆ ಕವಚ ತೊಟ್ಟು, ಗಾಳಿಯಲ್ಲಿ ತೇಲಿ ಬರುವುದಕ್ಕೆ ಮೂಗನ್ನು ತೆರೆದಿಟ್ಟವರನ್ನು 2020ರಲ್ಲಿ ಎಷ್ಟು ಬೇಕಾದರೂ ನೋಡಬಹುದಿತ್ತು.

ಎಲ್ಲಕ್ಕಿಂತ ಎಡವಟ್ಟಾಗುವುದು ತೆಗೆಯುವಾಗ. ಕ್ರಮ ಹೇಳಲು ಸುಲಭ. ಒಂದು ಕೈಯ ಗ್ಲೌಸನ್ನು ಮಣಿಕಟ್ಟಿನ ಹತ್ತಿರ ಹೊರಗಡೆಯಿಂದ ಚಿವುಟಿ ಹಿಡಿದು, ಚರ್ಮಕ್ಕೆ ತಾಗದಂತೆ ಬೆರಳಿನತ್ತ ಎಳೆದರೆ ಒಳಮೈ ಹೊರಕ್ಕೆ ತಿರುಗಿ ಕಳಚುತ್ತದೆ. ಅದನ್ನು ಇನ್ನೊಂದು ಗ್ಲೌಸಿನ ಮುಷ್ಟಿಯಲ್ಲಿ ಉಂಡೆ ಮಾಡಿಕೊಳ್ಳಬೇಕು. ಈಗ ಬರಿದಾದ ಕೈಯ ಎರಡು ಬೆರಳನ್ನು ಉಳಿದ ಗ್ಲೌಸಿನ ಅಂಚಿನ ಒಳಗೆ ತೂರಿಸಬೇಕು, ಹೊರಮೈ ಮುಟ್ಟಬಾರದು; ಹಾಗೇ ಮಗುಚಿ ಎಳೆದರೆ ಮೊದಲಿನದು ಎರಡನೆಯದರ ಹೊಟ್ಟೆಯೊಳಗೆ ಸೇರಿ ಒಂದು ಪೊಟ್ಟಣವಾಗುತ್ತದೆ. ಬುಟ್ಟಿಗೆ ಹಾಕಿ ಕೈ ತೊಳೆಯಬೇಕು.

ಆಗುವುದು ಬೇರೆ. ತರಬೇತಿಯಲ್ಲಿ ಗ್ಲೌಸಿಗೆ ಬಣ್ಣ ಹಚ್ಚಿ ತೆಗೆಯಲು ಹೇಳುತ್ತಾರೆ. ಕಲೆ ಬೀಳುವುದು ಸಾಮಾನ್ಯವಾಗಿ ಎರಡು ಕಡೆ: ಚಿವುಟುವಾಗ ಮಣಿಕಟ್ಟಿನ ಒಳಭಾಗದಲ್ಲಿ, ಎರಡನೆಯದನ್ನು ಎಳೆಯುವಾಗ ಬರಿಗೈಯ ಬೆರಳ ತುದಿಯಲ್ಲಿ. ಬೆವರಿದ ಕೈಗೆ ಗ್ಲೌಸ್ ಅಂಟಿಕೊಂಡಿರುತ್ತದೆ, ಜೋರಾಗಿ ಎಳೆದಾಗ ರಬ್ಬರಿನಂತೆ ಚಿಮ್ಮಿ ಹನಿ ಹಾರಿಸುತ್ತದೆ. ಅವಸರದವರು ಬೆರಳ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆಯುವುದೂ ಉಂಟು. ಅಲ್ಲಿಗೆ ಮುಗಿಯಿತು.

ಗ್ಲೌಸ್ ತೂತಿಲ್ಲದ ಗೋಡೆ ಎಂಬ ನಂಬಿಕೆಯೂ ಅಷ್ಟಕ್ಕಷ್ಟೆ. ವೈದ್ಯಕೀಯ ಗ್ಲೌಸನ್ನು ಯೂರೋಪಿನ ಮಾನದಂಡದಲ್ಲಿ ಪರೀಕ್ಷಿಸುವುದು ಒಂದು ಲೀಟರ್ ನೀರು ತುಂಬಿ ಸೋರುತ್ತದೆಯೇ ಎಂದು ನೋಡಿ. ಅದೂ ಪ್ರತಿಯೊಂದನ್ನಲ್ಲ, ಒಟ್ಟಿಗೆ ತಯಾರಾದ ರಾಶಿಯಿಂದ ಕೆಲವನ್ನು ಆರಿಸಿ. ಒಂದಿಷ್ಟು ಸೋರುವವು ಇದ್ದರೂ ಇಡೀ ರಾಶಿ ಪಾಸಾಗುತ್ತದೆ. ಅದೆಲ್ಲ ತೊಡುವ ಮೊದಲಿನ ಮಾತು. ತೊಟ್ಟ ಮೇಲೆ ಉಗುರು, ಉಂಗುರ, ಬೀಗದ ಕೈ ತಮ್ಮ ಕೆಲಸ ಮಾಡುತ್ತವೆ. ಗ್ಲೌಸಿನ ಮೇಲೇ ಸ್ಯಾನಿಟೈಸರ್ ಹಚ್ಚಿ ಮತ್ತೆ ಮತ್ತೆ ಬಳಸಿದರೆ ಪದರ ಇನ್ನಷ್ಟು ಬೇಗ ಹಾಳಾಗುತ್ತದೆ. ಒಳಗೆ ಬೆವರಿನಲ್ಲಿ ನೆನೆದ ಚರ್ಮ ಮೆತ್ತಗಾಗಿ ಸುಲಿಯುತ್ತದೆ. ಅಂದಹಾಗೆ, ಶಸ್ತ್ರಚಿಕಿತ್ಸೆಯ ರಬ್ಬರ್ ಗ್ಲೌಸಿನ ಆರಂಭವೂ ಚರ್ಮದ ವಿಷಯವೇ: 1890ರ ಆಸುಪಾಸಿನಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ ಅದನ್ನು ಮಾಡಿಸಿದ್ದು ಪಾದರಸದ ದ್ರಾವಣದಿಂದ ಕೈ ಸುಲಿದ ನರ್ಸ್ ಕ್ಯಾರೊಲಿನ್ ಹ್ಯಾಂಪ್ಟನ್‌ಗಾಗಿ. ಸೋಂಕಿನ ಯೋಚನೆ ಆಮೇಲೆ ಬಂದದ್ದು.

ಆಸ್ಪತ್ರೆಯವರೇ ಗ್ಲೌಸಿನಿಂದ ಮೈಮರೆಯುತ್ತಾರೆ. ಬ್ರಿಟನ್ನಿನ 15 ಆಸ್ಪತ್ರೆಗಳಲ್ಲಿ ಗಮನಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗ್ಲೌಸ್ ತೊಟ್ಟಾಗ ಕೈ ಶುಚಿಗೊಳಿಸಿಕೊಂಡವರ ಪ್ರಮಾಣ ತೊಡದಿದ್ದಾಗಿನದಕ್ಕಿಂತ ಕಡಿಮೆಯಿತ್ತು. 2018ರಲ್ಲಿ ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆ ಬೇಡದ ಕಡೆ ಗ್ಲೌಸ್ ಬಿಡಿ ಎಂದು ಅಭಿಯಾನವನ್ನೇ ಮಾಡಿತು. ತರಬೇತಾದವರ ಪಾಡೇ ಇದಾದರೆ ಬೀದಿಯಲ್ಲಿ ಹೋಗುವವರನ್ನು ಕೇಳುವುದೇನು? 2020ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಹೇಳಿತ್ತು, ಗ್ಲೌಸ್ ತೊಡುವುದಕ್ಕಿಂತ ಬರಿಗೈ ತೊಳೆಯುವುದರಿಂದ ಹೆಚ್ಚು ರಕ್ಷಣೆ ಎಂದು.

ವಾಂತಿ ಒರೆಸುವಾಗ ಗ್ಲೌಸ್ ಬೇಕು, ಸರಿ. ಆದರೆ ಎದುರು ಪಕ್ಷದವರ ಮಾತು ಕೇಳಿದರೆ ಜನ ಮನೆಯಿಂದ ಹೊರಡುವುದೇ ಬಕೆಟ್ಟು ಬ್ಲೀಚು ಹಿಡಿದುಕೊಂಡು ಅನಿಸುತ್ತದೆ. ಬಿರಿದ ಕೈಗೆ ಮುಲಾಮು, ಗಾಯಕ್ಕೆ ಪಟ್ಟಿ ಇದೆ.

ಮಾಡಬೇಕಾದ್ದು ಹಳೆಯದೇ, ಆದರೆ ಸರಿಯಾಗಿ. ಸೋಪು ಹಚ್ಚಿ 20 ಸೆಕೆಂಡು ಉಜ್ಜಬೇಕು. ಬಹುಪಾಲು ಜನ ಅಂಗೈಗಳನ್ನೇ ಒಂದಕ್ಕೊಂದು ತಿಕ್ಕಿ ಮುಗಿಸುತ್ತಾರೆ. ಬಿಟ್ಟುಹೋಗುವುದು ಹೆಬ್ಬೆರಳು, ಬೆರಳ ತುದಿ, ಉಗುರಿನ ಸಂದು, ಅಂದರೆ ಮೂಗಿಗೆ ಹೋಗುವ ಭಾಗಗಳೇ. ಒದ್ದೆ ಕೈ ಒಣಗೈಗಿಂತ ಹೆಚ್ಚು ಸೂಕ್ಷ್ಮಾಣುಗಳನ್ನು ದಾಟಿಸುತ್ತದೆ, ಹಾಗಾಗಿ ಪೂರ್ತಿ ಒರೆಸಿಕೊಳ್ಳಬೇಕು. ನೀರಿಲ್ಲದ ಕಡೆ ಕನಿಷ್ಠ 60% ಆಲ್ಕೋಹಾಲ್ ಇರುವ ಸ್ಯಾನಿಟೈಸರ್, ಗುಳಿ ಮಾಡಿದ ಅಂಗೈ ತುಂಬ; ಎರಡು ಹನಿ ಸವರಿಕೊಂಡರೆ ಐದು ಸೆಕೆಂಡಿನಲ್ಲಿ ಆರಿಹೋಗುತ್ತದೆ, ಕೆಲಸ ಮಾಡಲು 20 ಸೆಕೆಂಡಾದರೂ ಚರ್ಮ ತೇವವಾಗಿರಬೇಕು. ಮನೆಗೆ ಬಂದ ಮೇಲೆ ಫೋನನ್ನೂ ಒರೆಸಿ.

ಇನ್ನು ಆ ಬಳಸಿದ ಗ್ಲೌಸುಗಳು. ಅವು ಬುಟ್ಟಿಗಿಂತ ಹೆಚ್ಚಾಗಿ ಬುಟ್ಟಿಯ ಪಕ್ಕ ಬಿದ್ದಿರುತ್ತವೆ, ಒಂದು ಬೆರಳು ಒಳಗೆ, ನಾಲ್ಕು ಹೊರಗೆ. ಅವನ್ನು ಹೆಕ್ಕಿ ತೆಗೆಯುವುದು ಇನ್ನೊಬ್ಬರ ಕೈ.